ನಮ್ಮವ್ವ ಅಂದ್ಲು ಸುಮಲತಾ

ಕಿಡಕಿ ಸರಳು ಕೈಗೆ ಚುರ್ ಅಂತು, ಕೈ ತಗದೆ, ಮತ್ತ ಅಲ್ಲೇ ಇಟ್ಟೆ, ಸುಡ್ಲಿ, ಹೊರಗ ಭೀಮಾ ಹೊಳಿ, ನೀರು ಇಳದು ಹಾಸಗಲ್ಲಿನ ಬೆನ್ನು ಕಾಣಾಕತ್ತಾವ, ಬ್ರಿಜ್ಜಿನ ಮ್ಯಾಲ ಬಸ್ಸು ಗಡಗಡ ಅಂತದ, ಯಾದಗಿರಿ ಹಿಂದ ಬಿತ್ತು, ಕಾಲೇಜು ಹಿಂದ ಬಿತ್ತು, ಸುಮಲತಾ ಹಿಂದ ಬಿದ್ಲು — ಎಲ್ಲಿ ಬಿದ್ಲು, ತೊಡಿ ಮ್ಯಾಲಿನ ಮೊಬೈಲಿನ ವಿಡಿಯೊದಾಗ ಅದಾಳ, ಮೊಬೈಲ್ ಬಂದ್ ಮಾಡೀನಿ ಆದ್ರ ಆಕಿ ದನಿ ಬಂದ್ ಆಗವಲ್ದು, ನಮ್ಮವ್ವ ಏಳು ತಿಂಗಳಿಗೇ ಹಡದ್ಲು, ಥಂಡಿ ದಿನಾ, ಊರಾಗ ಆಂಬುಲೆನ್ಸ್ ಇದ್ದಿಲ್ಲ, ಟಂಟಂ ಗಾಡ್ಯಾಗ ಕೂಸಿನ್ನ ಎದಿಗೆ ಅವಚಿಕೊಂಡು — ನಮ್ಮವ್ವ ಅಂತಾಳ, ಯಾರವ್ವ ಸುಮಲತಾ, ನಿಮ್ಮವ್ವ ಮಾಳಮ್ಮ ಬಳಿಚಕ್ರದಾಗ ಗಟ್ಟಿಮುಟ್ಟ ಅದಾಳ, ಹಡದ ಮಕ್ಕಳೆಲ್ಲಾ ಕಣ್ಣಮುಂದ ಅದಾವ, ಆ ಟಂಟಂದಾಗ ಕುಂತಾಕಿ ನಮ್ಮವ್ವ, ವನದುರ್ಗದ ಪರಿಮಳಾ, ಬಾಜೂಕ ಕುಂತು ಅವ್ವನ ಸೆರಗಿನ ತುದಿ ಹಿಡಕೊಂಡಾಕಿ ನಾನು, ಆಗಿನ್ನಾ ಸಾಲಿಗೆ ಒಂದನೇತ್ತಕ್ಕ ಹೊಂಟಿದ್ದೆ. ಅಷ್ಟಕ್ಕೇ ನಿಲ್ಲಿಸಿದೆ ವಿಡಿಯೊ, ಮುಂದ ಏನೇನು ಹೇಳ್ಯಾಳೋ ನೋಡಿಲ್ಲ, ನೋಡಂಗಿಲ್ಲ. ಕಂಡಕ್ಟರ್ ಬಂದು ಎಲ್ಲಿಗವ್ವ ಅಂದ, ಶಹಾಪುರ ಅಂದೆ, ಆಧಾರ್ ಕಾರ್ಡ್ ಹಿಡದೆ, ಸಂಘಮಿತ್ರಾ ದೇವಿಂದ್ರ ಅಂತ ಬಾಯಾಗೇ ಓದಿ ಟಿಕೀಟು ಕೊಟ್ಟ, ಕಾರ್ಡಿನ ಮ್ಯಾಲಾದ್ರೂ ಅದ ನನ್ನ ಹೆಸರು, ಕಾಲೇಜಿನವರು ಹಾಕಿದ ಅಭಿನಂದನಿ ಫೋಟೋದಾಗ ಇಲ್ಲ, ಅಲ್ಲಿ ಸುಮಲತಾ ಅದಾಳ, ಹುಮೇರಾ ಅದಾಳ, ನಡುವ ಗೈಡ್ ಸರ್ ಹೂಗುಚ್ಛ ಹಿಡದು ನಕ್ಕಾರ, ಮೂರು ಮಂದಿ ತಂಡದಾಗ ನಾನು ಎಲ್ಲಿ ಅಂತ ಯಾರೂ ಕೇಳಿಲ್ಲ.

ಇದೇ ಸರ್ ಹೋದ ಮಳಿಗಾಲದಾಗ ಕ್ಲಾಸಿಗೆ ಬಂದು ಹೇಳಿದ್ರು, ದೇಶ ದೇಶದ ವಿದ್ಯಾರ್ಥಿ ತಂಡಗಳನ್ನ ಕರೀತಾರ, ಆರೋಗ್ಯಕ್ಕ ಬೇಕಾದ ವಸ್ತು ನೀವೇ ಯೋಚನಿ ಮಾಡಿ ತಯಾರು ಮಾಡಬೇಕು, ಆಯ್ಕಿ ಆದ್ರ ಪರದೇಶಕ್ಕ ಕರಸ್ಕೊಂಡು ಕಲಸ್ತಾರ, ನಮ್ಮ ಕಡಿ ಹುಡುಗ್ಯಾರು ಯಾಕ ಹಾಕಬಾರ್ದು ಅಂತ, ಆಗ ಹಿಂದಿನ ಬೆಂಚಿನ್ಯಾಗ ಸುಮಲತಾ ನನ್ನ ಕೈ ಹಿಚುಕಿದ್ಲು, ನಾವು ಹಾಕೂಣು ಸಂಘು, ಹುಮೇರಾನ್ನೂ ಕರಕೊಳ್ಳೂಣು. ಅವಧಿಗೆ ಮುಂಚೆ ಹುಟ್ಟಿದ ಕೂಸು ದವಾಖಾನಿಗೆ ಹೋಗೂ ಹಾದ್ಯಾಗ ತಣ್ಣಗ ಆಗ್ತದ, ತಾಯಿ ಮೈಗೆ ಹತ್ತಿಸಿ ಕಟ್ಟೂ ಒಂದು ಚೀಲ ಮಾಡೂಣು ಅಂದಾಕಿ ನಾನು, ಒಳಗ ಮೆತ್ತನ್ನ ಅರಿವಿ, ಹೊರಗ ಬೆಚ್ಚನ್ನ ಕುರಿ ಉಣ್ಣಿ, ಗಾಡಿ ಎಷ್ಟು ಜಿಗದ್ರೂ ಕೂಸಿನ ಕುತ್ತಿಗಿ ಅಲಗಾಡಬಾರ್ದು, ಎದಿಗೂಡು ಅಂತ ಹೆಸರಿಟ್ಟಾಕಿನೂ ನಾನೇ. ಉಣ್ಣಿ ಸುಮಲತಾನ ಮನೀದು, ಮರಿ ಉಣ್ಣಿ ಬ್ಯಾರೆ ತಗದು ಇಟ್ಟಿದ್ಲು ಮಾಳಮ್ಮತ್ತಿ, ನಾ ಮೊದಲ ಸಲ ಬಳಿಚಕ್ರಕ್ಕ ಹೋದಾಗ ಎಲ್ಲಿ ಕುಂದರಿಸ್ತಾರೋ, ಎದರಾಗ ನೀರು ಕೊಡ್ತಾರೋ ಅಂತ ಹೊಸ್ತಲದಾಗೇ ನಿಂತಿದ್ದೆ, ನಮ್ಮ ಕೇರಿ ಹೆಸರು ಹೇಳಿದ್ರ ಮುಖ ಬದಲಿ ಆಗೂದು ನೋಡೇ ಬೆಳದೀನಿ, ಮಾಳಮ್ಮತ್ತಿ ಏನೂ ಕೇಳದ ತನ್ನ ತಾಟಿನ್ಯಾಗಿಂದೇ ಪುಂಡಿಪಲ್ಯ ತಗದು ನನ್ನ ರೊಟ್ಟಿ ಮ್ಯಾಲ ಇಟ್ಲು, ತಿನ್ನವ್ವ, ಸೊರಗೀದಿ ಅಂದ್ಲು, ಆವತ್ತು ಬಸ್ಸಿನ್ಯಾಗ ವಾಪಸ್ ಬರೂಮುಂದ ಸುಮಲತಾನ ಹೆಗಲಿಗೆ ತಲಿ ಇಟ್ಟು ಮಲಗಿದ್ದೆ. ಕೂಸಿನ ಬದಲಿ ಬಿಸಿನೀರಿನ ಬಾಟ್ಲಿ ಚೀಲದಾಗಿಟ್ಟು ಎದಿಗೆ ಕಟಗೊಂಡು ಚಳಿ ಬೆಳಗಿನ್ಯಾಗ ಆಕಿ ಅಣ್ಣನ ಗಾಡಿ ಹಿಂದ ಕುಂದರತಿದ್ದೆ, ಕಡೇಚೂರು ಫ್ಯಾಕ್ಟ್ರಿಗೆ ಹೊಂಟ ಮಂದಿ ನೋಡಿ ನಗತಿದ್ರು, ಇಳದ ಕೂಡ್ಲೇ ಥರ್ಮಾಮೀಟರ್ ಹಾಕಿ ನೋಡಿ ಸುಮಲತಾ ಕುಣೀತಿದ್ಲು, ಇನ್ನಾ ಬೆಚ್ಚಗದ ಸಂಘು, ಇನ್ನಾ ಬೆಚ್ಚಗದ — ಆ ದನಿ ಖರೇ ಇತ್ತಲ್ಲ, ಆ ಕುಣದದ್ದು ಖರೇ ಇತ್ತಲ್ಲ, ಇಲ್ಲಾಂದ್ರ ಯಾವಾಗಿಂದ ಸುಳ್ಳು, ಎಲ್ಲಿಂದ ಸುಳ್ಳು, ಹುಡುಕಾಕತ್ತೀನಿ, ಬೆರಳಿಗೆ ಸಿಗವಲ್ದು.

ಹಾಸ್ಟೆಲ್ ಮಾಳಿಗಿ ಮ್ಯಾಲ ಅರಿವಿ ಒಣಗಿಸಾಕ ಹೋದಾಗ ಆಕಿ ಕೇಳಿದ್ಲು, ನಿಂಗಿದು ಹೆಂಗ ಹೊಳೀತು ಅಂತ, ಒದ್ದಿ ಚಾದರಿನ ಒಂದು ತುದಿ ಆಕಿ ಕೈಯಾಗ ಒಂದು ತುದಿ ನನ್ನ ಕೈಯಾಗ, ಹಿಂಡಿಕೋತ ಹಿಂಡಿಕೋತ ಹೇಳಿಬಿಟ್ಟೆ, ಯಾರಿಗೂ ಹೇಳದಿದ್ದು, ಅಪ್ಪ ಸುದ್ದಾ ಮನ್ಯಾಗ ಎತ್ತಲಾರದ ಮಾತು. ತಂಗಿ ಹುಟ್ಟಿದ್ಲು, ಅಂಗೈ ಅಗಲ ಇದ್ಲು, ಅಪ್ಪ ಸಾಲಿ ಮಾಸ್ತರ್, ಬೈಲಹೊಂಗಲ ಕಡಿ ಟ್ರೇನಿಂಗಿಗೆ ಹೋಗಿದ್ದ, ನಸುಕಿನ್ಯಾಗ ಟಂಟಂ ಸಿಕ್ಕಿತು, ಗಾಳಿ ಎಲ್ಲಾ ಕಡಿಂದ ಒಳಗ ಬರ್ತಿತ್ತು, ಅವ್ವ ಆಕಿ ಅಂಗಾಲು ತಿಕ್ಕಿಕೋತ ತಿಕ್ಕಿಕೋತ ಹೊಂಟಿದ್ಲು, ಶಹಾಪುರ ದವಾಖಾನ್ಯಾಗ ನರ್ಸಮ್ಮ ಕೂಸಿನ್ನ ಕೈಗೆ ತೊಗೊಂಡು ನೋಡಿ, ಅರಿವಿ ಮುಖದ ಮ್ಯಾಲ ಎಳದು, ಮತ್ತ ಅವ್ವನ ಮಡಿಲಿಗೇ ಇಟ್ಲು. ಅದರ ಮ್ಯಾಲೂ ಅವ್ವ ಅಂಗಾಲು ತಿಕ್ಕೂದು ಬಿಡಲಿಲ್ಲ. ನಾ ಹೇಳಿ ಮುಗಿಸೂತನ ಸುಮಲತಾ ಚಾದರು ಹಿಡದು ನಿಂತೇ ಇದ್ಲು, ಕಣ್ಣಾಗ ನೀರಿತ್ತು. ಆಮ್ಯಾಲ ಅರ್ಜಿ ಜೋಡಿ ವಿಡಿಯೊ ಬೇಕಂದ್ರು, ಈ ಕೆಲಸಾ ನಿಮಗ್ಯಾಕ ಬೇಕು ಅಂತ ಹೇಳಬೇಕಂತ, ಸರ್ ಅಂದ್ರು ಬರೇ ಥರ್ಮಾಮೀಟರ್ ತೋರಿಸಿದ್ರ ಆಗಂಗಿಲ್ಲ, ನೋಡಿದವರ ಕರಳಿಗೆ ಹತ್ತಬೇಕು, ನಿಮ್ಮ ನಿಮ್ಮ ಮನ್ಯಾಗ ಏನಾದ್ರೂ ನಡದಿದ್ರ ಹೇಳ್ರಿ, ಸುಮಲತಾ ನನ್ನ ಕಡಿ ನೋಡಿದ್ಲು, ನಾ ಬ್ಯಾಡ ಅಂತ ತಲಿ ಅಲಗಾಡಿಸಿದೆ. ಹೊರಗ ಬಂದ ಮ್ಯಾಲ ನಾನೇ ಅಂದೆ, ಅವ್ವನ ಕೂಸು ಯಾರ ಮುಂದೂ ಇಡಾಕ ಅಲ್ಲ, ಚೀಲ ಛಂದ ಇದ್ರ ಚೀಲಾನೇ ಆಯ್ಕಿ ಆಗ್ಲಿ. ಖರೇ ಅದ ಸಂಘು, ಅದು ನಿಮ್ಮ ಮನಿ ಮಾತು, ಬ್ಯಾಡ ಬಿಡು ಅಂದಿದ್ಲು ಆಕಿ, ಅದೇ ಬಾಯಿಲೆ, ನನ್ನ ಕೈ ಹಿಡದು.

ಬರೇ ಚೀಲದ ವಿಡಿಯೊ ಕಳಿಸಿದ್ವಿ, ಪರದೇಶದವರು ಕಂಪ್ಯೂಟರಿನ್ಯಾಗ ಇಂಟರ್ವ್ಯೂ ಇಟ್ರು, ಅದರ ಹಿಂದಿನ ದಿನಾ ಸುಮಲತಾ ಫೋನ್ ಮಾಡಿದ್ಲು, ಅದು ಮುಂದಕ್ಕ ಹೋಗ್ಯಾದ, ಆ ಕಡಿ ಮಂದಿಗೆ ಏನೋ ಅಡಚಣಿ ಅಂತ, ನೀ ಸುಮ್ಮ ಕುಂದ್ರೂದ್ಯಾಕ, ನಾಳಿಗೆ ಸುರಪುರಕ್ಕ ಹೋಗಿ ಚೀಲ ತೊಗೊಂಡು ಬಾ. ಹೋದೆ. ಸುರಪುರದಾಗ ಅತೀಕ್ ಮಾಮು ಅದಾರ, ಹುಮೇರಾನ ಸ್ವಾದರಮಾವ, ಟೇಲರ್, ನಮ್ಮ ಎದಿಗೂಡು ಹೊಲದುಕೊಟ್ಟವರು ಅವರೇ, ಹೆಗಲಿನ ಪಟ್ಟಿ ಚುಚ್ಚತದ ಅಂತ ನಾ ಹೇಳಿದ್ದಕ್ಕ ಬಿಚ್ಚಿ ಮತ್ತ ಹೊಲಿಯಾಕತ್ತಿದ್ರು, ಚಾ ತರಿಸಿದ್ರು, ಹೊಲದು ಮುಗಿಸಿ ತಮ್ಮ ಅಂಗಿ ಮ್ಯಾಲೇ ಚೀಲ ಕಟಗೊಂಡು ಅಂಗಡಿ ಮುಂದ ಅಡ್ಡಾಡಿ ತೋರಿಸಿದ್ರು, ದಾಡಿ ಬಾಣಂತಿ ನೋಡವ್ವ ಅಂದ್ರು, ನಾ ಹೊಟ್ಟಿ ಹಿಡಕೊಂಡು ನಕ್ಕೆ, ಅದೇ ಹೊತ್ತಿನ್ಯಾಗ, ನಾ ಅಲ್ಲಿ ನಗೂ ಹೊತ್ತಿನ್ಯಾಗ, ಇಲ್ಲಿ ಸರ್ ಖೋಲ್ಯಾಗ ಕಂಪ್ಯೂಟರ್ ಮುಂದ ಕುಂತು ಸುಮಲತಾ ನಮ್ಮವ್ವ ಅನ್ನಾಕತ್ತಿದ್ಲು. ಹುಮೇರಾ ಬಾಜೂಕ ಕುಂತು ಕೇಳಾಕತ್ತಿದ್ಲು. ಅದೇ ದಿನಾ ಸಂಜಿಗೆ ಆಯ್ಕಿ ಆತಂತ, ಇವತ್ತು ಮುಂಜಾನೆ ಹುಮೇರಾ ಆ ಇಂಟರ್ವ್ಯೂದ ವಿಡಿಯೊ ಕಳಿಸ್ಯಾಳ, ಕೆಳಗ ಒಂದೇ ಸಾಲು, ನಂಗ ಫೋನ್ ಮಾಡಬ್ಯಾಡ ಸಂಘು, ನಂಗ ಮಾತಾಡಾಕ ಆಗಂಗಿಲ್ಲ. ಚೀಲ ತೊಗೊಂಡು ಸೀದಾ ಕಾಲೇಜಿಗೆ ಹೋದೆ, ಸುಮಲತಾ ನಳದ ಕೆಳಗ ಊಟದ ಡಬ್ಬಿ ತೊಳ್ಯಾಕತ್ತಿದ್ಲು, ನನ್ನ ನೋಡಿ ನಳಾ ಬಂದ್ ಮಾಡಿದ್ಲು, ಅಳಲಿಲ್ಲ, ತಪ್ಪಿಸ್ಕೊಳ್ಳಲಿಲ್ಲ. ಯಾಕ ಅಂದೆ. ಇಂಟರ್ವ್ಯೂದವರು ಕೇಳೇ ಕೇಳ್ತಾರಂತ ಸರ್ ಅಂದಿದ್ರು, ನಿಮ್ಮ ಮನ್ಯಾಗ ಏನಾಗಿತ್ತು ಅಂತ. ನಮ್ಮನ್ಯಾಗ ಏನೂ ಆಗಿಲ್ಲ ಸಂಘು, ನಾ ಏನು ಹೇಳ್ಲಿ ಅಂದ್ಲು. ನನ್ನ ಯಾಕ ಸುರಪುರಕ್ಕ ಕಳಿಸಿದಿ. ನೀ ಇದ್ರ ಹೇಳಾಕ ಬಿಡ್ತಿದ್ದಿಲ್ಲ. ಸರ್‌ಗೆ ಗೊತ್ತದ ಏನು, ಅದು ನಮ್ಮವ್ವಂದು ಅಂತ. ಆಕಿ ಡಬ್ಬಿ ಮುಚ್ಚಳ ತಿರುವಿಕೋತ ನಿಂತ್ಲು, ಗೊತ್ತದ, ಹೇಳಂಗಿಲ್ಲ ಅಂಬಾಕಿನ ಕೂಡಿಸ್ಕೊಂಡ್ರ ತಂಡಕ್ಕ ನುಕ್ಸಾನ ಅಂದ್ರು, ನಿನ್ನ ಹೆಸರು ಆಮ್ಯಾಲ ಸೇರಿಸ್ತಾರಂತ. ಆಮ್ಯಾಲ. ಮತ್ತ ಆಕಿ ಕಣ್ಣು ನನ್ನ ಕೈಗೆ ಇಳೀತು, ಚೀಲ ತಂದಿ ಏನು, ಪಟ್ಟಿ ಬರೋಬ್ಬರಿ ಆತ ಏನು ಅಂತ ಕೈ ಚಾಚಿದ್ಲು, ನಾ ಕೊಟ್ಟೆ. ಯಾಕ ಕೊಟ್ಟೆ, ಬೈಬೇಕಿತ್ತು, ಹೊಡೀಬೇಕಿತ್ತು, ಕೊಟ್ಟೆ, ಚಾಚಿದ ಕೈಗೆ ಕೊಟ್ಟು ರೂಢಿ, ಇಷ್ಟು ದಿನಾ ಏನು ತಂದ್ರೂ ಆ ಕೈಗೇ ಕೊಟ್ಟೀನಿ.

ಮಲಗಿದ ಬುದ್ಧನ ಗುಡ್ಡ ಬಂತು, ಹಣಿ, ಮೂಗು, ಎದಿ, ಸಣ್ಣಾಕಿದ್ದಾಗ ಇದು ಬಂದ್ರ ಅಪ್ಪ ಕೈ ಮುಗೀ ಅಂತಿದ್ದ, ಇವತ್ತು ಕೈ ಮುಗ್ಯಾಕ ಮನಸ್ಸಿಲ್ಲ, ಅಪ್ಪ ಫೋನಿನ್ಯಾಗ ಬಾ ಅಂದಾನ, ಮಾಸ್ತರರ ಗ್ರೂಪಿನ್ಯಾಗ ಯಾರೋ ಆ ವಿಡಿಯೊ ಹಾಕ್ಯಾರಂತ, ನಮ್ಮ ಜಿಲ್ಲಾದ ಹೆಮ್ಮಿ ಅಂತ. ಅವ್ವ ನೋಡ್ಯಾಳ, ನೋಡೇ ನೋಡ್ಯಾಳ, ನಾ ಯಾವ ಮುಖ ತೊಗೊಂಡು ಹೋಗ್ಲಿ, ಅವ್ವನ ಮಡಿಲಾಗಿಂದು ನನ್ನ ಕಣ್ಣಿಗೆ, ನನ್ನ ಬಾಯಾಗಿಂದು ಸುಮಲತಾನ ಕಿವಿಗೆ, ಈಗ ಜಗತ್ತಿನ ಕಿವಿಗೆ — ಶಹಾಪುರ ಸ್ಟ್ಯಾಂಡ್, ಟಂಟಂ, ಧೂಳು, ವನದುರ್ಗ, ಊರ ಬಾಗಲದ ಅಗಸಿ, ನಮ್ಮ ಓಣಿ, ಚಪ್ಪಲಿ ಎಲ್ಲಿ ಬಿಟ್ಟೆ ಗೊತ್ತಿಲ್ಲ. ಅಪ್ಪ ಪಡಸಾಲ್ಯಾಗ ನಿಂತಾನ, ಇಸ್ತ್ರಿ ಅಂಗಿ ಹಾಕ್ಕೊಂಡಾನ, ನಾಳಿಗೆ ಮೂವರೂ ಯಾದಗಿರಿಗೆ ಹೋಗೂಣು, ಪ್ರಿನ್ಸಿಪಾಲರ ಮುಂದ ನಿಮ್ಮವ್ವ ತಾನೇ ಹೇಳ್ಲಿ, ಅದು ನನ್ನ ಕೂಸು ಅಂತ, ಆಮ್ಯಾಲ ಆ ಮಾಸ್ತರು ಏನು ಹೇಳ್ತಾನ ನೋಡ್ತೀನಿ ಅಂತಾನ, ನಂಗ ಅಳು ಬರ್ತದ, ಖುಷಿನೂ ಬರ್ತದ, ಒಬ್ಬರಾದ್ರೂ ನನ್ನ ಕಡಿ ಅದಾರ. ಅವ್ವ ಒಳಗ ಕಂಬಕ್ಕ ಒರಗಿ ಕುಂತಾಳ, ಮೊಬೈಲ್ ತೊಡಿ ಮ್ಯಾಲ, ಅತ್ತಿಲ್ಲ, ಕಣ್ಣು ಒಣಗ್ಯಾವ, ಬ್ಯಾಡ್ರಿ ಅಂತಾಳ, ಅಪ್ಪಗ. ಏನು ಬ್ಯಾಡ ಅಂತಾನ ಅಪ್ಪ. ಹೋಗೂದು ಬ್ಯಾಡ್ರಿ, ಜಗಳ ಬ್ಯಾಡ. ಆ ಹುಡುಗಿ ಹೆಸರಿಟ್ಟಾಳ. ನಂಗ ತಿಳೀಲಿಲ್ಲ, ಅಪ್ಪಗೂ ತಿಳೀಲಿಲ್ಲ, ಅವ್ವ ನನ್ನ ಕಡಿ ನೋಡಿ ಸಾವಕಾಶ ಹೇಳ್ತಾಳ, ನೀ ಪೂರಾ ನೋಡಿಲ್ಲೇನು, ಕೂಸಿಗೆ ಹೊನ್ನಿ ಅಂತ ಹೆಸರಿಟ್ಟಿದ್ರು ಅಂದಾಳ ಆ ಹುಡುಗಿ. ನಾವು ಯಾರೂ ಇಟ್ಟಿದ್ದಿಲ್ಲ. ದವಾಖಾನಿಂದ ಬಂದ ಮ್ಯಾಲ ಇಡೂಣು ಅಂತ ಫೋನಿನ್ಯಾಗ ಅಂದಿದ್ರಿ ನೀವು.

ಅಪ್ಪ ಅಂಗಿ ಗುಂಡಿ ಹಿಡಕೊಂಡು ನಿಂತುಬಿಟ್ಟ, ನಾ ಅವ್ವನ ಮುಂದ ಕುಂತೆ, ಅವ್ವ ಅದು ಸುಳ್ಳು, ವಿಡಿಯೊ ಛಂದ ಕಾಣ್ಲಿ ಅಂತ ಕಟ್ಟ್ಯಾಳ, ಆಕಿ ಮನ್ಯಾಗ ಯಾವ ಹೊನ್ನಿನೂ ಇದ್ದಿಲ್ಲ ಅಂದೆ, ದನಿ ಏರಿತು, ನನ್ನ ಮಾತು ಕೇಳು ಅವ್ವ, ಆಕಿ ನಂಗ ಮೋಸ ಮಾಡ್ಯಾಳ, ನಿಂಗ ಮಾಡ್ಯಾಳ. ನಮ್ಮನ್ಯಾಗ ಇದ್ಲಲ್ಲ ಅಂದ್ಲು ಅವ್ವ. ಅಪ್ಪ ಅಂಗಳಕ್ಕ ಹೋದ, ನಾಳಿಗೆ ಯಾರೂ ಎಲ್ಲೂ ಹೋಗಂಗಿಲ್ಲ, ಗೊತ್ತಾತು, ಸುಮಲತಾ ವಿಮಾನ ಹತ್ತತಾಳ, ಎದಿಗೂಡು ಹೋಗ್ತದ, ನನ್ನ ಹೆಸರು ಆಮ್ಯಾಲ, ಅದೆಲ್ಲಾ ತಡಕೊಂಡೇನು, ಆದ್ರ ಅವ್ವ ನೀ ಯಾಕ, ನೀ ಆಕಿ ಕಡಿ ಯಾಕ, ಅಷ್ಟು ವರ್ಷ ನಿನ್ನ ಬಾಜೂಕ ಕುಂತಾಕಿ ನಾನು, ನಂಗ ಯಾಕ ಹೊಳೀಲಿಲ್ಲ ಒಂದು ಹೆಸರು, ಅವ್ವ ಬೆರಳಿಲೆ ವಿಡಿಯೊ ಹಿಂದ ಸರಸ್ತಾಳ, ಸುಮಲತಾನ ದನಿ ಮನಿ ತುಂಬ, ನಮ್ಮವ್ವ ಆಕಿಗೆ ಅಂತ ಶುರು ಆಗ್ತದ, ಹೊನ್ನಿ ಅಂತ ಬರೂ ಜಾಗಾಕ್ಕ ಅವ್ವನ ತುಟಿನೂ ಹೊ ಅಂತ ದುಂಡಗ ಆಗ್ತಾವ, ದನಿ ಇಲ್ಲ, ದುಂಡಗ ಆಗಿ ತೆರೀತಾವ, ಮತ್ತ ಹಿಂದ ಸರಸ್ತಾಳ, ಮತ್ತ ತುಟಿ ದುಂಡಗ, ನಾ ನೋಡಾಕತ್ತೀನಿ, ಮತ್ತ ಹಿಂದ, ತುಟಿ ದುಂಡಗ, ತೆರೀತಾವ, ತುಟಿ ದುಂಡಗ —