ತಣ್ಣೀರಲ್ಲಿ ಒಗೆದ ಅಂಗಿ

ನಮ್ಮ ಅಮ್ಮಿ ಕುಬ್ರಾಬಿಗೆ ಕಲೆ ತೆಗೆಯುವುದನ್ನು ಯಾರೂ ಹೇಳಿಕೊಡಲು ಹೋಗಬಾರದು. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಕೆಲಸಕ್ಕೆ ಹದಿನೆಂಟು ವರ್ಷ ಹೋದವಳು. ನನ್ನ ತಮ್ಮ ವಸೀಮ್ ಹೇಳಲು ಹೋಗಿ ಬೈಸಿಕೊಂಡ.

ಆ ಭಾನುವಾರ ಅವನೂ ಕುರುಗೋಡಿನ ಗೆಳೆಯ ಭೀಮರಾಜನೂ ಪೇಂಟ್‌ಬಾಲ್ ಆಡಲು ಹೋಗಿದ್ದರು. ಬಂದೂಕಿನಿಂದ ಬಣ್ಣದ ಗುಂಡು ಹೊಡೆದುಕೊಳ್ಳುವ ಆಟವಂತೆ, ಇಪ್ಪತ್ತೈದು ದಾಟಿದ ಕತ್ತೆಗಳಿಗೆ! ಭೀಮರಾಜನ ಹೊಸ ಬಿಳಿ ಅಂಗಿಯ ಬೆನ್ನಿಗೆ ವಸೀಮ್ ಕಿತ್ತಳೆ ಬಣ್ಣ ಹೊಡೆದಿದ್ದ. ಮನೆಯಲ್ಲಿ ಬೈಯುತ್ತಾರೆಂದು ಭೀಮರಾಜ ಹೆದರಿದ್ದಕ್ಕೆ ವಸೀಮ್, “ನಮ್ಮ ಅಮ್ಮಿ ಎಂಥ ಕಲಿನೂ ತಗೀತಾಳ” ಎಂದು ತನ್ನ ನೀಲಿ ಅಂಗಿ ಅವನಿಗೆ ತೊಡಿಸಿ, ಬಿಳಿಯದನ್ನು ತಾನು ತಂದ.

“ತಣ್ಣೀರಾಗ ನೆನಸಿದ್ರ ಹೋಗ್ತೈತಂತ ಅಮ್ಮಿ.”

“ನನಗ ಹೇಳಾಕ ಬಂದೀಯೇನಲೇ?” ಎಂದವಳೇ ಅಮ್ಮಿ, ಕೆಲಸದ ಕಡೆಯ ರೂಢಿಯಂತೆ ಅಂಗಿಯನ್ನು ಕುದಿಯುವ ನೀರಿಗೆ ಹಾಕಿದಳು. ಕಲೆ ಬಟ್ಟೆಗೆ ಕಚ್ಚಿಕೊಂಡಿತು.

ಬುಧವಾರ ಸಿರುಗುಪ್ಪ ರಸ್ತೆಯಲ್ಲಿ ವಸೀಮನ ಬೈಕಿಗೆ ಲಾರಿ ಗುದ್ದಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಸತ್ತವರ ಬಟ್ಟೆಯನ್ನು ಬಡವರಿಗೆ ಕೊಡುವುದು ನಮ್ಮಲ್ಲಿ ರೂಢಿ. ಅಮ್ಮಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಗ ಹಿರಿಯರು ಎಲ್ಲವನ್ನೂ ಗಂಟು ಕಟ್ಟಿ ಕೊಟ್ಟರು. ಒಗೆಯಲು ಹಾಕಿದ್ದ ಬನಿಯನ್ನನ್ನೂ ಬಿಡಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಉಳಿದದ್ದು ಆ ಬಿಳಿ ಅಂಗಿ ಮಾತ್ರ. ಅದು ಅಮಾನತ್, ಪರರ ವಸ್ತು. ಸತ್ತ ನಲವತ್ತನೆಯ ದಿನದೊಳಗೆ ಅದರ ಒಡೆಯರಿಗೆ ಮುಟ್ಟಬೇಕು.

ಅಮ್ಮಿ ನಿಂಬೆಹಣ್ಣು, ಸೋಡಾ, ಬ್ರೂಸ್‌ಪೇಟೆಯ ಅಂಗಡಿಗಳ ನಾಲ್ಕು ಥರದ ಸೋಪಿನ ಪುಡಿ ಹಾಕಿ ಉಜ್ಜಿದಳು. ಬೆರಳು ಸುಲಿದವೇ ಹೊರತು ಕಲೆ ಹೋಗಲಿಲ್ಲ. ಕೊನೆಗೆ ಹಾಗೇ ಮಡಿಚಿಕೊಂಡು ನನ್ನ ಜೊತೆ ಕುರುಗೋಡಿಗೆ ಹೊರಟಳು.

“ಅವನ ನೀಲಿ ಅಂಗಿ ಅಲ್ಲೈತಿ. ಒಗದಿರಲಿಲ್ಲಂದ್ರ ಅವನ ಬೆವರಿನ ವಾಸನಿ ಇರ್ತೈತವಾ,” ಎಂದಳು ಬಸ್ಸಿನಲ್ಲಿ.

ಕುರುಗೋಡಿನಲ್ಲಿ ಭೀಮರಾಜನ ತಾಯಿ ಉಚ್ಚೆಂಗೆಮ್ಮ ನೀಲಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಇಸ್ತ್ರಿ ಮಾಡಿದ್ದರು.

“ಹೊಲಸು ಅಂಗಿ ಹ್ಯಾಂಗ ವಾಪಸ್ ಕೊಡೂದು ಅಂತ ಅವತ್ತ ತಣ್ಣೀರಾಗ ನೆನಸಿ ಒಗದೆ ಅಕ್ಕಾ. ಒಂದು ಕಲಿ ಇಲ್ಲ, ನೋಡ್ರಿ.”

ಅಮ್ಮಿ ಅದಕ್ಕೆ ಮುಖ ಒತ್ತಿಕೊಂಡಳು. ಮುಖ ಎತ್ತಿ, “ಛಲೋ ಒಗದೀರಿ,” ಎಂದಳು. ಬಿಳಿ ಅಂಗಿಯನ್ನು ಭೀಮರಾಜನಿಗೆ ಕೊಟ್ಟು, “ಕಲಿ ಹೋಗಲಿಲ್ಲಪ್ಪಾ. ನಂದ ತಪ್ಪು, ಮಾಫ್ ಮಾಡು,” ಎಂದಳು.

“ಹೋಗಿಲ್ಲೇನಮ್ಮಿ?” ಭೀಮರಾಜ ಅಂಗಿ ಬಿಡಿಸಿ ನೋಡಿದ. “ಅವನು ಹೊಡದಿದ್ದು ಇದು. ಹಂಗ ಐತಿ!” ಎಂದು ನಕ್ಕ, ನಗುತ್ತಲೇ ಅತ್ತ. ಅಲ್ಲೇ ತೊಟ್ಟುಕೊಂಡ.

ಅಮ್ಮಿಯ ಕಣ್ಣು ಆ ಬೆನ್ನಿನ ಕಿತ್ತಳೆ ಬಣ್ಣವನ್ನು ಬಿಟ್ಟು ಕದಲಲಿಲ್ಲ. ಆ ಅಂಗಿ ವಾಪಸ್ ಕೇಳು ಎಂದು ನಾನು ಮೊಣಕೈಯಿಂದ ತಿವಿದೆ. ಕೇಳಲಿಲ್ಲ. ಅಮಾನತ್ ಮುಟ್ಟಿಯಾಗಿತ್ತು.

ಬಸ್ಸಿನಲ್ಲಿ ನೀಲಿ ಅಂಗಿಯ ಕಾಲರು, ಕಂಕುಳು, ತೋಳು ಒಂದೊಂದನ್ನೇ ಮೂಸಿ ನೋಡಿದಳು.

“ಎಷ್ಟು ಸ್ವಚ್ಛ ಒಗದಾಳ ನೋಡು,” ಎಂದಳು. ಬಳ್ಳಾರಿ ಬರುವವರೆಗೂ ಅದನ್ನೇ ಅನ್ನುತ್ತಿದ್ದಳು.