ಗೋಡೆಯ ಮೇಲಿನ ಗೇಜು

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ದೃಷ್ಟಿಯನ್ನು ಪೀಣ್ಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಗೋಡೆಯತ್ತ ಒಂದು ಕ್ಷಣ ಹೊರಳಿಸಬೇಕೆಂದು ವಿನಂತಿ. ಅಲ್ಲಿ ಕೊಳವೆಯ ಸಂಪರ್ಕ ಕಡಿದುಹೋದ ಪ್ರೆಶರ್ ಗೇಜೊಂದಿತ್ತು. ಅದರ ಮುಳ್ಳು ಸೊನ್ನೆಯ ಮೇಲೆ ಮಲಗಿ ವರ್ಷಗಳಾಗಿದ್ದವು. ಬಾಯ್ಲರ್ ಚೊಕ್ಕಟ ಮಾಡುವ ದೊಡ್ಡಮುನಿಯಪ್ಪ ಗೇಟಿನಿಂದ ಒಳಗೆ ನಡೆಯುವಾಗ ದಿನವೂ ಅದರೆದುರು ನಿಂತು, ಕತ್ತೆತ್ತಿ ನೋಡಿ, "ಸರಿಯಾಗೈತೆ" ಎಂದು ಮುಂದೆ ಹೋಗುತ್ತಿದ್ದ.

ಊರೂರು ಅಲೆದು ಅಲ್ಲಿ ಗುತ್ತಿಗೆಗೆ ಸೇರಿದ್ದ ನಾನು ಕಾರಣ ಕೇಳಿದೆ.

"ಯಾರ್ಗೂ ಏಳ್ಬೇಡ ಕಣಪ್ಪ. ನೂರು ಎಜ್ಜೆ ಇಟ್ರೆ ಮೀನಖಂಡ ಇಂಡ್ದಂಗಾಯ್ತದೆ. ನಿಂತ್ರೆ ಬಿಡ್ತದೆ."

ಆರು ವರ್ಷದ ಹಿಂದೆ ಕಾಲಿಗೆ ರಕ್ತ ಒಯ್ಯುವ ಕಿಬ್ಬೊಟ್ಟೆಯ ನಾಳಕ್ಕೆ ಸ್ಟೆಂಟ್ ಎಂಬ ಲೋಹದ ಪುಟ್ಟ ಕೊಳವೆ ಹಾಕಿದ ಡಾಕ್ಟರು, ಬೀಡಿ ಬಿಡು, ಮಾತ್ರೆ ಬಿಡಬೇಡ, ವರ್ಷಕ್ಕೊಮ್ಮೆ ಬಂದು ತೋರಿಸು ಎಂದಿದ್ದರು. ಅವನು ಮಾತ್ರೆ ಬಿಟ್ಟ, ಬೀಡಿ ಬಿಡಲಿಲ್ಲ.

"ತುಕ್ಕು ಇಡಿಯಲ್ಲ ಅಂದ್ರು. ಮತ್ತೇನು ತೋರ್ಸೋದು?"

ಬಾಯ್ಲರಿನ ಉಕ್ಕಿನ ಕೊಳವೆಗಳೊಳಗೆ ಬ್ರಷ್ಷು ತೂರಿಸಿ, ಕಟ್ಟಿಕೊಂಡ ಪದರವನ್ನು ಇಪ್ಪತ್ತೆರಡು ವರ್ಷ ಕೆರೆದವನು ಹೀಗೆಂದ. ಇದನ್ನೂ, ಗೇಜಿನೆದುರು ನಿಲ್ಲುವ ಗುಟ್ಟನ್ನೂ ನಾನು ಊಟದ ಹೊತ್ತಿನಲ್ಲಿ ಎಲ್ಲರೆದುರು ತಮಾಷೆಯಾಗಿ ಹೇಳಿದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಸೂಪರ್‌ವೈಸರ್ ಮುನೀಂದ್ರ. ದೊಡ್ಡಮುನಿಯಪ್ಪನಿಂದಲೇ ಕೆಲಸ ಕಲಿತವನು.

ಸೋಮವಾರ ಮುನೀಂದ್ರ ಗೇಟಿನಲ್ಲೇ ದೊಡ್ಡಮುನಿಯಪ್ಪನಿಗಾಗಿ ಕಾದಿದ್ದ. "ಅಣ್ಣ, ಬಾಯ್ಲರ್ ತನಕ ಒಂದ್ಸಲ ನಡ್ದು ತೋರ್ಸಿ. ನಿಲ್ಲಂಗಿಲ್ಲ. ನಡೆದ್ರೆ ಕೆಲ್ಸ ನಿಮ್ದೇ, ಇಲ್ದಿದ್ರೆ ಈ ಅಲೆಮಾರಿಗೆ."

"ಯಾಕ್ಲಾ ಮುನೀಂದ್ರ?"

"ಸೇಫ್ಟಿ ಕಣಣ್ಣ."

ಕೆಲಸಗಾರರು ಚಹಾದ ಲೋಟ ಹಿಡಿದು ಸಾಲುಗಟ್ಟಿದರು. ಯಾರೋ ಹೆಜ್ಜೆ ಎಣಿಸತೊಡಗಿದರು. ಎಂಬತ್ತಕ್ಕೆ ದೊಡ್ಡಮುನಿಯಪ್ಪನ ಬಲಗಾಲು ಎಳೆಯಿತು. ತೊಂಬತ್ತಕ್ಕೆ ಮೋರೆ ಬೂದಿಬಣ್ಣಕ್ಕೆ ತಿರುಗಿತು. ನೂರಾ ನಾಲ್ಕಕ್ಕೆ ನಿಂತುಬಿಟ್ಟ, ಎಂದಿನ ಜಾಗದಲ್ಲೇ. ಗೇಜನ್ನು ಮುನೀಂದ್ರ ಹಿಂದಿನ ದಿನವೇ ಬಿಚ್ಚಿಸಿದ್ದ. ಗೋಡೆಯ ಮೇಲೆ ಉಳಿದಿದ್ದುದು ಬಿಳಿಯ ದುಂಡು ಗುರುತು, ಮೂರು ತೂತು. ದೊಡ್ಡಮುನಿಯಪ್ಪ ಕತ್ತೆತ್ತಿ ಅದನ್ನೇ ನೋಡಿದ.

"ಎಷ್ಟು ತೋರಿಸ್ತೈತೆ ಅಣ್ಣ?" ಎಂದು ಮುನೀಂದ್ರ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಸರಿಯಾಗೈತೆ," ಎಂದ ದೊಡ್ಡಮುನಿಯಪ್ಪ.

ಅವನ ಬ್ರಷ್ಷನ್ನು ನನ್ನ ಕೈಗಿತ್ತರು. ನಾನು ಅದನ್ನು ಗೋಡೆಗೆ ಒರಗಿಸಿ, ಶೆಡ್ಡಿಗೆ ಹೋಗಿ ಚಾಪೆ ಸುತ್ತಿದೆ. ಎರಡು ಅಂಗಿ, ಹಳೆಯ ಕಾದಂಬರಿಗಳನ್ನು ಚೀಲಕ್ಕೆ ತುರುಕಿ ತುಮಕೂರು ರಸ್ತೆಗೆ ಬಂದೆ. ಮುಂದೆ ಒಂದು ಬೀಗ ಹಾಕಿದ ಅಂಗಡಿಯೆದುರು ದೊಡ್ಡಮುನಿಯಪ್ಪ ನಿಂತು, ಅದರ ಬೋರ್ಡನ್ನು ಓದುವವನಂತೆ ನೋಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ನಾನು ಅವನನ್ನು ದಾಟಿ ನಡೆದೆ.