ಕಟ್ಟಿದ ಹಲ್ಲು, ಕುಟ್ಟಿದ ಎಲೆ

"ಗದ್ದಕ್ಕ ಬಿಗಿ ಕಟ್ಟಬ್ಯಾಡೋ ತಮ್ಮಾ, ಸಡ್ಲ ಇರಲಿ," ಎಂದು ಅಯ್ಯನವರು ಹೇಳಿದಾಗ ಸುಭಾಸ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಅವನ ತಾಯಿ ಸುಶೀಲವ್ವನ ತಲೆ ಎಡಕ್ಕೆ ವಾಲುತ್ತಿತ್ತು. "ಎತ್ತೂ ಮುಂದ ಬಾಯಾಗ ಎಲಿ-ಅಡಕಿ ಇಡೂದೈತಿ. ಈಗ ಬಿಗದ್ರ ಆಮ್ಯಾಲೆ ತೆರ್ಯಾಕ ಬರೂದಿಲ್ಲ."

ಹಸಿರು ಸೀರೆ, ಹಣೆ ತುಂಬ ವಿಭೂತಿ, ನಡುವೆ ಕುಂಕುಮ. ಎಡಗೈಯಲ್ಲಿ ಲಿಂಗವಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸವಣೂರಿನ ಎಲೆತೋಟಗಳಲ್ಲಿ ಎಲೆ ಕೊಯ್ದು ಕಟ್ಟು ಕಟ್ಟುತ್ತ ಮುದುಕಿಯಾದ ಆ ಕೈ ಸುಮ್ಮನಿದ್ದದ್ದನ್ನು ಓಣಿಯವರು ಕಂಡೇ ಇರಲಿಲ್ಲ. ರಾತ್ರಿ ಎದೆ ಹಿಡಿದಂಗಾಗೈತಿ ಎಂದವಳು ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಹೋಗುವುದರಲ್ಲೂ ಯಾರಿಗೂ ತ್ರಾಸು ಕೊಡಲಿಲ್ಲ.

ಮಗಳು ಮಾಲಾ ತಿಳವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಬಂದಾಗಿನಿಂದ ತಾಯಿಯ ಬಾಯಿಯನ್ನೇ ನೋಡುತ್ತ ಕೂತಿದ್ದಳು. ತುಸು ತೆರೆದ ತುಟಿಯ ನಡುವೆ, ಬಲಗಡೆಗೆ, ಉಳಿದವಕ್ಕಿಂತ ಬೆಳ್ಳಗಿದ್ದ ಹಲ್ಲುಗಳು ಕಾಣುತ್ತಿದ್ದವು. ಅವು ಮಾಲಾ ಕಟ್ಟಿಸಿದ ಹಲ್ಲುಗಳು.

ಹೆಣದ ಪಕ್ಕದಲ್ಲಿ ಅಪ್ಪ ಶಿದ್ಲಿಂಗಪ್ಪ ಎಲೆ-ಅಡಕೆ ಕುಟ್ಟುವ ಕಬ್ಬಿಣದ ಪುಟ್ಟ ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಮಣ್ಣಿಗೆ ಬಂದವರಿಗೆಲ್ಲ ಅವನದು ಒಂದೇ ಮಾತು.

"ನಿನ್ನಿ ಮಧ್ಯಾಹ್ನನೂ ಉಂಡಮ್ಯಾಲೆ ಬೇಡಿದ್ಲ್ರಿ. ನುಣ್ಣಗ ಕುಟ್ಟಿ ಕೊಟ್ಟೆ."

ಅವನು ಹಾಗೆಂದಾಗಲೆಲ್ಲ ಮಾಲಾ ಆ ಹಲ್ಲುಗಳಿಂದ ಕಣ್ಣು ತೆಗೆಯುತ್ತಿದ್ದಳು. ಹಲ್ಲು ಸರಿ ಕೂತಿದ್ದರೆ ಅವ್ವ ಯಾಕೆ ಕುಟ್ಟಿಸುತ್ತಿದ್ದಳು? ಬ್ಯಾಡ ಬ್ಯಾಡ ಅಂದವಳನ್ನು ಎಳೆದುಕೊಂಡು ಹೋಗಿ, ಕಡೆಯ ದಿನದವರೆಗೂ ನೋಯುವಂಥದ್ದನ್ನು ಬಾಯಲ್ಲಿ ಕೂರಿಸಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

*

ಬಲಗಡೆಯ ಎರಡು ಹಲ್ಲು ಬಿದ್ದ ಮೇಲೆ ಸುಶೀಲವ್ವನಿಗೆ ಅಡಕೆ ಕಡಿಯಲು ಬರುತ್ತಿರಲಿಲ್ಲ. ಎಡಗಡೆಯವು ಮೊದಲೇ ಅಲುಗಾಡುತ್ತಿದ್ದವು. ಆಗ ಶಿದ್ಲಿಂಗಪ್ಪ ಕುಟ್ಟಾಣಿ ಹಿಡಿದ. ಊಟವಾದ ಮೇಲೆ ಅವಳು ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ ಕೊಡುವಳು. ಅವನು ಎದುರಿಗೆ ಕೂತು ಕುಟ್ಟುವನು. ಎಲೆಗಿಂತ ಮಾತೇ ಹೆಚ್ಚು ನುಣ್ಣಗಾಗುತ್ತಿತ್ತು.

"ಹಾನಗಲ್ಲಾಗ ಚಲೋ ಹಲ್ಲಿನ ಡಾಕ್ಟರ್ ಅದಾರ. ಅವ್ವಗ ಬ್ರಿಜ್ ಹಾಕ್ಸತೇನಿ," ಎಂದಿದ್ದಳು ಮಾಲಾ.

"ಬ್ರಿಜ್ಜಾ?" ಶಿದ್ಲಿಂಗಪ್ಪನ ಕೈ ನಿಂತಿತು. "ವರದಾ ಹೊಳಿಗೆ ಹಾಕೂದು ಬಿಟ್ಟು ನಿಮ್ಮವ್ವನ ಬಾಯಿಗೆ ಯಾಕವಾ?"

ಸುಶೀಲವ್ವ ಬಿದ್ದು ಬಿದ್ದು ನಕ್ಕಿದ್ದಳು. ಆದರೆ ದವಾಖಾನೆಯ ಕುರ್ಚಿಯಲ್ಲಿ ಕೂತಾಗ ಅವಳ ನಗು ಹಾರಿಹೋಯಿತು. ಖಾಲಿ ಜಾಗದ ಆಚೀಚೆಯ ಎರಡು ಗಟ್ಟಿ ಹಲ್ಲುಗಳನ್ನು ಅರೆದು ಸಣ್ಣ ಮಾಡಬೇಕು, ಅವಕ್ಕೆ ಟೊಪ್ಪಿಗೆ ಹಾಕಿ ನಡುವೆ ಹೊಸವನ್ನು ನಿಲ್ಲಿಸಬೇಕು ಎಂದರು ಡಾಕ್ಟರು.

"ಇಲ್ಲದ ಹಲ್ಲಿನ ಸಲವಾಗಿ ಇದ್ದ ಹಲ್ಲು ಅರೀತೀರೇನ್ರಿ?"

"ನಡುವಿನವು ನಿಲ್ಲಬೇಕಂದ್ರ ಎರಡೂ ಕಡೆ ಆಸರ ಬೇಕ್ರೀ ಅವ್ವಾರ."

ಸುಶೀಲವ್ವ ಮಗಳ ಮುಖ ನೋಡಿದಳು. ಊರ ಮಂದಿಯ ಬಟ್ಟೆ ಹೊಲಿದು ಬೆನ್ನು ಬಾಗಿಸಿಕೊಂಡ ಮಗಳು ಆಸೆಯಿಂದ ನಿಂತಿದ್ದಳು. "ಹಲ್ಲಿದ್ದಾಗ ಕಡ್ಲಿಲ್ಲ, ಕಡ್ಲಿದ್ದಾಗ ಹಲ್ಲಿಲ್ಲ ಅಂತಾರ. ನನಗ ಎರಡೂ ಕೂಡಿ ಬಂದ್ವು ಬಿಡು," ಎಂದು ಬಾಯಿ ತೆರೆದಳು.

ಪಂಚಮಿಗೆ ತವರಿಗೆ ಬಂದಾಗ ಮಾಲಾ ಇನ್ನೂ ಹೊಸ್ತಿಲಲ್ಲಿದ್ದಳು. ಒಳಗೆ ಕುಟ್ಟಾಣಿಯ ಸಪ್ಪಳ ಕೇಳಿತು.

"ಯಾಕಬೇ, ಇನ್ನೂ ಕುಟ್ಟಸಾಕತ್ತೀಯಲ್ಲ?"

"ಅಡಕಿ ಕಡದ್ರ ಜುಂ ಅಂತೈತವಾ."

"ಹಾನಗಲ್ಲಿಗೆ ಹೋಗೂನು ನಡಿ. ಮತ್ತ ತೋರಸೂನು."

"ಬ್ಯಾಡ. ಹಿಂಗ ನಡೀತೈತಿ."

ಮಾಲಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ನಾ ಕೊಟ್ಟದ್ದಂದ್ರ ನಿನಗ ಬಾಯಾಗೂ ಹಿಡಸೂದಿಲ್ಲ," ಎಂದುಬಿಟ್ಟಳು. ಅವ್ವ ಉಂಡಿಯ ಡಬ್ಬಿ ಮುಂದಿಟ್ಟಳು. ಮಾಲಾ ಮುಟ್ಟಲಿಲ್ಲ. ಎದುರಾಬದುರು ಆಡಿದ ಕಡೆಯ ಮಾತು ಅದೇ ಆಯಿತು.

*

ಭಜನೆಯವರು ತಾಳ ನಿಲ್ಲಿಸಿ ಚಹಾಕ್ಕೆ ಎದ್ದಾಗ ಪಕ್ಕದ ಮನೆಯ ಜನ್ನತಬಿ ಬಂದಳು. ಕುರುಕಲು ಖಾರಾ ಕರಿದು ಮಾರುವ ಮನೆ ಅವಳದು. ಸೆರಗಿಗೆ ಯಾವಾಗಲೂ ಕರಿದೆಣ್ಣೆಯ ವಾಸನೆ. ಸುಶೀಲವ್ವನ ಪಾದ ಹಿಡಿದು ಅತ್ತು, ಮಾಲಾಳ ಪಕ್ಕ ಕುಸಿದಳು.

"ಇನ್ನ ಖಾರಾದ ರುಚಿ ನೋಡಾವ್ರು ಯಾರವಾ? ಬುಟ್ಟಿಗೆ ಮೊದಲ ಕೈ ನಿಮ್ಮವ್ವಂದ ಇರತಿತ್ತು."

"ಅವ್ವ ಖಾರಾ ತಿಂತಿದ್ಲಾ? ಚಹಾದಾಗ ನೆನಸಿಕೊಂಡು?"

"ನೆನಸಿಕೊಂಡಾ? ಪುಠಾಣಿ, ಶೇಂಗಾ ಎಲ್ಲಾ ಕಟಂ ಕಟಂ ಅಂತ ಕಡೀತಿದ್ಲು. ನೀ ಹಲ್ಲು ಕಟ್ಟಿಸಿದಮ್ಯಾಲೆ ನಮ್ಮನ್ಯಾಗ ಕುಂತು ಅಡಕಿ ಸುದ್ದಾ ಕಡೀತಿದ್ಲು."

ಮಾಲಾ ಅವಳ ಕೈ ಹಿಡಿದಳು. "ಖರೇ ಹೇಳ ಚಿಕ್ಕವ್ವ. ನೋಯ್ತಿದ್ದಿಲ್ಲಾ? ಮತ್ತ ದಿನಾ ಅಪ್ಪನ ಕಡೆ ಯಾಕ ಕುಟ್ಟಸ್ತಿದ್ಲು?"

ಜನ್ನತಬಿ ಶಿದ್ಲಿಂಗಪ್ಪನ ಕಡೆ ನೋಡಿದಳು. ಅವನು ಬಾಗಿಲಲ್ಲಿ ಯಾರಿಗೋ ಮತ್ತೆ ಅದನ್ನೇ ಹೇಳುತ್ತಿದ್ದ. ಅವಳು ದನಿ ತಗ್ಗಿಸಿದಳು.

"ನಾನೂ ಕೇಳಿದ್ನೆವ್ವಾ. 'ಮೊಣಕಾಲು ಹೋದಮ್ಯಾಲೆ ಅವರು ತ್ವಾಟ ಬಿಟ್ಟಾರ. ಮಗಾ ಯಾವ ಕೆಲಸಾನೂ ಮುಟ್ಟಗೊಡೂದಿಲ್ಲ. ಕೈಗೆ ಅದೊಂದ ಉಳದೈತಿ. ಅದನ್ನೂ ಕಸಗೊಂಡ್ರ ನನ್ನ ಮುಂದ ಬಂದು ಯಾಕ ಕುಂದರ್ತಾರ?' ಅಂದ್ಲು."

"ನನಗರ ಹೇಳಬೇಕಿತ್ತಲ್ಲ."

"ಪಂಚಮಿಗೆ ನೀ ಸಿಟ್ಟಾಗಿ ಹ್ವಾದಮ್ಯಾಲೆ ನಮ್ಮನ್ಯಾಗ ಕುಂತು ಅತ್ಲು. 'ಹೇಳಿದ್ರ ಅಪ್ಪನ ಮುಂದ ಆಡಿಬಿಡತಾಳ, ಆಕಿ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ. ದೀಪಾವಳಿಗೆ ಬರಲಿ, ಆಣಿ ಹಾಕಿಸಿಕೊಂಡು ಹೇಳತೇನಿ' ಅಂದಿದ್ಲು."

ದೀಪಾವಳಿ ಇನ್ನೂ ಬಂದಿರಲಿಲ್ಲ. ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಮಾಲಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ತಾನು ಕಟ್ಟಿಸಿದ ಹಲ್ಲು ಅವ್ವನನ್ನು ನೋಯಿಸಿರಲಿಲ್ಲ. ನೋಯಿಸಿದ್ದು ತನ್ನ ಮಾತು.

*

ಹೆಣ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು. ಅದರಲ್ಲಿ ಕೂರಿಸುವ ಮೊದಲು ಅಯ್ಯನವರು ಕರೆದರು. "ಶಿದ್ಲಿಂಗಪ್ಪ, ಬರ್ರಿ. ಎಲಿ-ಅಡಕಿ ನಿಮ್ಮ ಕೈಯಿಂದ ಆಗಲಿ."

ಸುಭಾಸ ತಟ್ಟೆಯನ್ನು ತಂದಿಟ್ಟು ಕುಟ್ಟಾಣಿಯನ್ನು ಅಪ್ಪನ ಕೈಗೆ ಕೊಟ್ಟ. ಎಲ್ಲರೂ ಆ ಸಪ್ಪಳಕ್ಕಾಗಿ ಕಾದರು. ಶಿದ್ಲಿಂಗಪ್ಪ ಹೆಂಡತಿಯ ಎದುರಿಗೆ, ದಿನವೂ ಕೂರುವಷ್ಟೇ ದೂರದಲ್ಲಿ ಕೂತ. ಎಲೆಯನ್ನು ಧೋತರಕ್ಕೆ ಒರೆಸಿದ, ತೊಟ್ಟು ಮುರಿದ, ಸುಣ್ಣ ಹಚ್ಚಿದ. ಅದು ಅವಳ ಪಾಲಿನ ಕೆಲಸವಾಗಿತ್ತು. ಆಮೇಲೆ ಕುಟ್ಟಾಣಿಯನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದ.

"ಅಪ್ಪಾ, ಕುಟ್ಟೂದಿಲ್ಲಾ?" ಎಂದ ಸುಭಾಸ.

"ಬ್ಯಾಡ. ಆಕಿ ಹಲ್ಲು ಗಟ್ಟಿ ಅದಾವು."

ಮಾಲಾ ತಲೆಯೆತ್ತಿದಳು. "ನಿನಗ ಗೊತ್ತಿತ್ತೇನಪ್ಪಾ?"

"ಜನ್ನತಬಿ ಮನ್ಯಾಗ ಕಡದ್ರ ಗ್ವಾಡಿ ಈಚೆ ಕೇಳತಿತ್ತವಾ."

"ಮತ್ತ್ಯಾಕ ಕುಟ್ಟತಿದ್ದಿ?"

ಶಿದ್ಲಿಂಗಪ್ಪ ಎಲೆಯನ್ನು ಮಡಿಚುತ್ತಿದ್ದ. ಮಡಿಕೆ ಸರಿಬರಲಿಲ್ಲ, ಬಿಚ್ಚಿ ಮತ್ತೆ ಮಡಿಚಿದ.

"ಬೇಡತಿದ್ಲಲ್ಲ," ಎಂದ.

ಮೊದಲು ಅಡಕೆಯ ಹೋಳನ್ನು ಅವಳ ಬಲಗಡೆಯ ಹಲ್ಲುಗಳ ನಡುವೆ ಇಟ್ಟ. ಕಟ್ಟಿಸಿದ ಹಲ್ಲಿಗೆ ತಾಗಿ ಅದು ಟಕ್ಕೆಂದಿತು. ಬೆರಳಿನಿಂದ ಎಲೆಯನ್ನೂ ಒಳಗೆ ಸರಿಸಿ, ಕೈ ಹಿಂತೆಗೆದುಕೊಂಡು, ಅವಳು ಅಗಿಯಲು ಶುರುಮಾಡುವವರೆಗೆ ದಿನವೂ ಕಾಯುತ್ತಿದ್ದಂತೆ ಅವಳ ಬಾಯಿಯನ್ನೇ ನೋಡುತ್ತ ಕೂತ. ಎಳೆಹಸಿರು ಎಲೆಯ ತುದಿ ತುಟಿಯ ಹೊರಗೆ ಉಳಿದಿತ್ತು.